ಕೋಳಿಗೂಡಾದ ಗುಡಾಣ

"ಬುದ್ಧಿ, ಬೇಕು ಅಂತ ಕೇಳದೇ ಇರೋರಿಗೆ, ಕೊಟ್ಟಿದ್ದನ್ನೇ ಬಳಸದೇ ಇರೋರಿಗೆ ಇನ್ನೂ ದೊಡ್ಡದನ್ನ ತಗೊಂಡುಹೋಗಿ ಕೊಡೋದು ದಂಡ ಅಲ್ವಾ?"

ಮಠದ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಗುರುಗಳು ತಲೆ ಎತ್ತಿ ನೋಡಿದರು. ಕೇಳಿದವನು ಮರುಳಸಿದ್ಧ. ಇದೇ ಮಠದಲ್ಲಿ ಉಂಡು ಓದಿದವನು, ಈಗ ಸರ್ಕಾರದಲ್ಲಿ ಎಂಜಿನಿಯರ್. ಮನಸ್ಸಿಗೆ ಏನು ಚುಚ್ಚಿದರೂ ಅದನ್ನೊಂದು ಪ್ರಶ್ನೆ ಮಾಡಿಕೊಂಡು ಗುರುಗಳ ಹತ್ತಿರ ಓಡಿ ಬರುವುದು ಅವನ ಹಳೆಯ ಚಾಳಿ. ಗುರುಗಳಿಗೂ ಆ ಚಾಳಿ ಬಿಟ್ಟುಹೋಗುವುದು ಬೇಕಿರಲಿಲ್ಲ.

"ಮೊದಲು ಕೈ ತೊಳ್ಕೊಂಡು ಬಂದು ಹಣ್ಣು ಬಿಡಿಸು. ಆಮೇಲೆ ಯಾರಿಗೆ ಏನು ಕೊಡಬೇಕು ಅಂತಿದ್ದೀಯೋ ಹೇಳು," ಎಂದರು.

ಮರುಳಸಿದ್ಧ ಕುಳಿತು ಹೇಳಿದ. ದೇಶದ ಮೂಲೆಮೂಲೆಗೂ ಅತಿವೇಗದ ಇಂಟರ್ನೆಟ್ ಒಯ್ಯುವ ಕೆಲಸ ನಡೆದಿದೆ. ಅದಕ್ಕಾಗಿ ನೆಲದಲ್ಲಿ ಕೇಬಲ್ ಹೂಳಬೇಕು. ಗುಡ್ಡದಾಚೆಯ ಹನ್ನೊಂದು ಹಳ್ಳಿಗಳಿಗೆ ಅದು ಬೇಕೋ ಬೇಡವೋ ಎಂದು ನೋಡಿ ವರದಿ ಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಒಂದು ತಿಂಗಳು ಮನೆಮನೆ ಸುತ್ತಿದ. ಈಗಿರುವ ನಿಧಾನದ ಇಂಟರ್ನೆಟ್ಟನ್ನು ಯಾರು ಎಷ್ಟು ಬಳಸುತ್ತಾರೆ ಎಂದು ಬರೆದುಕೊಂಡ. ಬೆಳಿಗ್ಗೆ ಶುಭೋದಯದ ಹೂವಿನ ಚಿತ್ರ, ಮಧ್ಯಾಹ್ನ ಟೊಮೆಟೊ ಧಾರಣೆ, ಅಷ್ಟೇ. ಇದು ಸಾಕಾ ಎಂದು ಕೇಳಿದರೆ ಎಲ್ಲರೂ ಸಾಕು ಎಂದರು. ಬಂಡೆ ಕೊರೆದು ಅಲ್ಲಿಗೆ ಕೇಬಲ್ ಒಯ್ಯುವ ಖರ್ಚು ಮಾತ್ರ ಸಣ್ಣದಲ್ಲ.

"ಅದರಲ್ಲೊಂದು ಊರು ಕಗ್ಗಲಹಟ್ಟಿ. ಅಲ್ಲಿಯ ಆಸ್ಪತ್ರೆಗೆ ಒಂದು ಯಂತ್ರ ಕೊಟ್ಟು ಎರಡು ವರ್ಷ ಆಯ್ತು ಬುದ್ಧಿ. ರೋಗಿ ಇಲ್ಲಿ ಕೂತಿದ್ರೆ ಎಲ್ಲೋ ದೂರದಲ್ಲಿರೋ ಡಾಕ್ಟರು ಅವರ ಗಾಯ, ಕಣ್ಣು, ಎದೆಬಡಿತ ಎಲ್ಲಾ ನೋಡಿ ಔಷಧಿ ಹೇಳಬಹುದು. ಒಂದು ದಿನವೂ ನಡೆಸಿಲ್ಲ. ನರ್ಸಮ್ಮ ಅದರ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದಾರೆ! ಎತ್ತರ ಸರಿಯಾಗಿದೆಯಂತೆ, ಇರುವೆ ಹತ್ತಲ್ವಂತೆ."

ಗುರುಗಳು ಗಟ್ಟಿಯಾಗಿ ನಕ್ಕರು. "ಯಾವ ಉಪ್ಪಿನಕಾಯಿ?"

"ಮಾವಿನಮಿಡಿ. ನನಗೂ ಬಡಿಸಿದ್ರು." ಮರುಳಸಿದ್ಧನೂ ನಕ್ಕ. ಆಮೇಲೆ ಅವನ ಮುಖ ಸಣ್ಣದಾಯಿತು. "ನಾಳೆ ವರದಿಗೆ ರುಜು ಹಾಕಬೇಕು. ಬೇಡ ಅಂತಲೇ ಬರೆದಿದ್ದೀನಿ. ರುಜು ಬಿದ್ದರೆ ಆ ಕೇಬಲ್ಲು ಬೇರೆ ಕಡೆ ಹೋಗುತ್ತೆ, ಇನ್ನು ಹತ್ತು ವರ್ಷ ಯಾರೂ ಆ ಹಳ್ಳಿಗಳ ಕಡೆ ತಿರುಗಿ ನೋಡಲ್ಲ. ನಾನು ಒಂದು ಸುಳ್ಳೂ ಬರೆದಿಲ್ಲ ಬುದ್ಧಿ. ಆದ್ರೂ ಮೂರು ದಿನದಿಂದ ಊಟ ಸೇರ್ತಿಲ್ಲ."

ಗುರುಗಳಿಗೆ ಅವನ ಮೇಲೆ ಮಮತೆ ಉಕ್ಕಿತು. ಊಟ ಸೇರದೆ ಬಂದ ಶಿಷ್ಯ ಎಂದರೆ ಅವರಿಗೆ ಮೊದಲಿನಿಂದಲೂ ಪ್ರೀತಿ ಒಂದು ಕೈ ಹೆಚ್ಚು. ಬೀಜಗಳನ್ನು ಒಂದು ಕಡೆಗೆ ಸರಿಸಿ ಕತೆ ಹೇಳತೊಡಗಿದರು.

ಸುತ್ತ ಗುಡ್ಡ, ನಡುವೆ ಕುಂಬಾರರ ಒಂದು ಊರು. ಅಲ್ಲಿಯ ಮಣ್ಣಿಗೆ ಸಾಟಿ ಇರಲಿಲ್ಲ. ಆ ಮಣ್ಣಿನ ಮಡಕೆಯಲ್ಲಿಟ್ಟ ಕಾಳಿಗೆ ಹುಳು ಬೀಳುತ್ತಿರಲಿಲ್ಲ. ಆದರೆ ಊರಿನಿಂದ ಬಯಲಿಗೆ ಇಳಿಯಲು ಇದ್ದದ್ದು ಒಂದೇ ದಾರಿ. ಆ ದಾರಿಗೆ ಎರಡು ಬಂಡೆಗಳು ಎದುರುಬದುರು ನಿಂತಿದ್ದವು. ನಡುವಿನ ಸಂದಿನಲ್ಲಿ ಮನುಷ್ಯ ಪಕ್ಕಕ್ಕೆ ತಿರುಗಿ ನುಸುಳಬೇಕು. ತಲೆಯ ಹೊರೆ ಇಳಿಸಿ, ಮಡಕೆಗಳನ್ನು ಒಂದೊಂದಾಗಿ ಆಚೆ ದಾಟಿಸಿ, ಮತ್ತೆ ಹೊರೆ ಕಟ್ಟಬೇಕು.

ಹಿಂದಿನವರು ಬುದ್ಧಿವಂತರು. ಸುಟ್ಟ ಮಡಕೆ ಸಂದಿನಲ್ಲಿ ಸಿಕ್ಕಿ ಒಡೆದರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಅದಕ್ಕೆ ಸಂದಿನ ಅಗಲಕ್ಕೆ ಸರಿಯಾಗಿ ಒಂದು ಬೆತ್ತದ ಬಳೆ ಮಾಡಿ, ಮಡಕೆ ತಿರುಗಿಸುವ ತಿಗರಿಯ ಪಕ್ಕದಲ್ಲಿ ನೇತುಹಾಕಿದರು. ಹಸಿ ಮಡಕೆಯನ್ನು ಅದರಲ್ಲಿ ತೂರಿಸಿ ನೋಡುವುದು. ತೂರಿದರೆ ಸರಿ. ತೂರದಿದ್ದರೆ ಹಿಸುಕಿ ಮತ್ತೆ ಮಣ್ಣು ಮಾಡುವುದು. ಇದೇ ರೂಢಿಯಾಯಿತು. ಹೊಸ ಸೊಸೆ ಮನೆಗೆ ಬಂದರೆ ಅವಳ ಕೈಗೆ ಮೊದಲು ಕೊಡುತ್ತಿದ್ದುದು ಆ ಬಳೆಯನ್ನೇ. ತಲೆಮಾರುಗಳು ಕಳೆದ ಮೇಲೆ ಬಳೆ ಯಾಕೆ ಬಂತು ಎನ್ನುವುದು ಯಾರ ನೆನಪಿನಲ್ಲೂ ಉಳಿಯಲಿಲ್ಲ. ಬಳೆ ಮೀರಿದ್ದನ್ನು ಮಾಡಿದರೆ ಆವಿಗೆಯಲ್ಲಿ ಸುಡಲು ಇಟ್ಟ ಮಡಕೆಗಳೆಲ್ಲ ಬಿರಿಯುತ್ತವೆ ಎಂದು ನಂಬಿದರು. ಅರಿಶಿನ ಕುಂಕುಮ ಹಚ್ಚಿ ಅದಕ್ಕೆ ಕೈಮುಗಿದರು. ನಮ್ಮ ಜನ ಗೊತ್ತಲ್ಲ, ಒಮ್ಮೆ ಕೈಮುಗಿದರೆ ಆಮೇಲೆ ಯಾಕೆ ಎಂದು ಕೇಳುವುದಿಲ್ಲ.

ಆ ಊರಿನಲ್ಲಿ ಒಬ್ಬ ಕುಂಬಾರಿತಿ ಇದ್ದಳು. ಕೈ ಬಹಳ ಚುರುಕು, ಬಾಯಿ ಅದಕ್ಕಿಂತ ಚುರುಕು. ಮದುವೆಯಾಗಿ ಬಂದ ವರ್ಷ ಯಾರಿಗೂ ಹೇಳದೆ ಒಂದು ಗುಡಾಣ ಕಟ್ಟಿದಳು. ಎದೆಯೆತ್ತರ, ಎರಡು ಪಲ್ಲ ರಾಗಿ ಹಿಡಿಯುವಂಥದ್ದು. ಸುಟ್ಟಳು. ಆವಿಗೆಯಲ್ಲಿ ಒಂದು ಕುಡಿಕೆಯೂ ಬಿರಿಯಲಿಲ್ಲ. ಆದರೆ ಬಂಡೆಯವರೆಗೆ ಹೊರಿಸಿಕೊಂಡು ಹೋದರೆ ಸಂದಿನಲ್ಲಿ ಅದು ಹಿಡಿಸಲಿಲ್ಲ. ಊರಿಗೆ ಊರೇ ನಕ್ಕಿತು. ಅವಳು ಅದನ್ನು ವಾಪಸು ತಂದು ಹಿತ್ತಲಲ್ಲಿ ಅಡ್ಡ ಮಲಗಿಸಿ ಅದರೊಳಗೆ ಕೋಳಿ ಬಿಟ್ಟಳು.

ಹೀಗಿರುವಾಗ ಆ ಸೀಮೆಯ ಒಡೆಯನಿಗೆ ಬಂಡೆ ಒಡೆಸಿ ಗಾಡಿದಾರಿ ಮಾಡಿಸುವ ಮನಸ್ಸಾಯಿತು. ಅವನಲ್ಲಿ ಇದ್ದದ್ದು ಕಲ್ಲುಕುಟಿಗರ ಒಂದೇ ತಂಡ. ಅವರನ್ನು ಇಲ್ಲಿಗೆ ಕಳಿಸಿದರೆ ಒಂದು ವರ್ಷ ಉಳಿದ ಕೆಲಸವೆಲ್ಲ ನಿಲ್ಲಬೇಕು. ಅದಕ್ಕೆ ಮೊದಲು ನೋಡಿಕೊಂಡು ಬಾ ಎಂದು ಒಬ್ಬ ಅಳತೆಗಾರನನ್ನು ಕಳಿಸಿದ. ಅಳತೆಗಾರ ಬಹಳ ನಿಯತ್ತಿನ ಮನುಷ್ಯ.

"ನಿನ್ನ ಹಾಗೆ," ಎಂದು ಗುರುಗಳು ಮರುಳಸಿದ್ಧನ ತೊಡೆಯ ಮೇಲೊಂದು ಬೀಜ ಎಸೆದರು.

ಅಳತೆಗಾರ ಬಂಡೆಯ ಪಕ್ಕ ಒಂದು ತಿಂಗಳು ಕುಳಿತ. ಒಂದೊಂದು ಮಡಕೆ ದಾಟಿದಾಗಲೂ ಒಂದೊಂದು ಹುಣಸೆ ಬೀಜವನ್ನು ಬುಟ್ಟಿಗೆ ಹಾಕಿದ. ತಿಂಗಳಾದರೂ ಬುಟ್ಟಿ ಅರ್ಧ ತುಂಬಲಿಲ್ಲ. ಒಂದೇ ಒಂದು ಮಡಕೆಯೂ ಸಂದಿನಲ್ಲಿ ಸಿಕ್ಕಿಕೊಳ್ಳಲಿಲ್ಲ. ಕುಂಬಾರರನ್ನು ಕೇಳಿದರೆ, ದಾರಿಯಿಂದ ನಮಗೇನೂ ತೊಂದರೆ ಇಲ್ಲ, ನಮ್ಮಜ್ಜಂದಿರ ಕಾಲದಿಂದ ಹೀಗೇ ನಡೆದಿದೆ ಎಂದರು. ಅವರೂ ಸುಳ್ಳು ಹೇಳಲಿಲ್ಲ. ಇರುವ ದಾರಿ ಧಾರಾಳವಾಗಿದೆ, ಕಲ್ಲುಕುಟಿಗರು ಬೇಡ ಎಂದು ಅವನು ಓಲೆ ಬರೆದ.

ಹೊರಡುವ ದಿನ ಕುಂಬಾರಿತಿಯ ಮನೆಯಲ್ಲಿ ಅವನಿಗೆ ಊಟ. ಒಳಗೆ ಬರುವಾಗ, ಬಳೆಯಲ್ಲಿ ತೂರದ ಒಂದು ಹಸಿ ಮಡಕೆಯನ್ನು ಅವಳು ಹಿಸುಕುತ್ತಿದ್ದುದನ್ನು ಕಂಡ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಗುಡಾಣದಿಂದ ಒಂದು ಹುಂಜ ಹೊರಗೆ ಬಂತು. ಅವನಿಗೆ ನಗು ಬಂತು.

"ಇಷ್ಟು ದೊಡ್ಡ ಗೂಡು! ಇಂಥದ್ದು ಇನ್ನೊಂದು ಯಾಕಮ್ಮ ಮಾಡಲಿಲ್ಲ?"

"ಮಾಡಿ ಏನ್ ಮಾಡ್ಲಿ ಸ್ವಾಮಿ? ಇರೋದೇ ಆರು ಕೋಳಿ," ಎಂದಳು ಅವಳು.

ಅಳತೆಗಾರ ನಗುತ್ತಲೇ ಗುಡ್ಡ ಇಳಿದು ಮನೆ ಸೇರಿದ. ಅಲ್ಲಿ ಅವನ ಹೆಂಡತಿ ಹಗೇವು ತೆಗೆಸುತ್ತಿದ್ದಳು. ಬಯಲು ಸೀಮೆಯವರು ರಾಗಿಯನ್ನು ನೆಲದ ಗುಂಡಿಯಲ್ಲಿ ತುಂಬಿಡುತ್ತಿದ್ದರು. ಪ್ರತಿ ಮಳೆಗಾಲಕ್ಕೂ ಅದರಲ್ಲಿ ಒಂದು ಪಾಲು ಮುಗ್ಗುತ್ತಿತ್ತು. ಮುಗ್ಗಿದ ರಾಗಿಯನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿಯುತ್ತ ಅವಳು, "ಕಾಳು ಹಾಕೋಕೆ ಒಂದು ದೊಡ್ಡ ಪಾತ್ರೆ ಅನ್ನೋದು ಈ ಸೀಮೇಲಿ ಎಲ್ಲೂ ಹುಟ್ಟಲಿಲ್ಲವಲ್ಲ," ಎಂದಳು.

ಅಳತೆಗಾರ ಅವಳ ಕೈಯ ಮೊರ ಹಿಡಿದು ನಿಲ್ಲಿಸಿದ. "ಹುಟ್ಟಿದೆ ಕಣೇ. ನೋಡಿಕೊಂಡೇ ಬಂದೆ. ಅದರಲ್ಲಿ ಕೋಳಿ ಇದಾವೆ," ಎಂದ.

ಬರೆದ ಓಲೆಯನ್ನು ಒಲೆಗೆ ಹಾಕಿ ಒಡೆಯನ ಮುಂದೆ ಹೋಗಿ ನಿಂತ. ಬಂಡೆ ಒಡೆಸಬೇಕು, ಗುಡಾಣ ಬರಬೇಕು ಎಂದ.

"ಎಷ್ಟು ಗುಡಾಣ ದಾರಿ ಕಾಯುತ್ತಿವೆ?" ಎಂದು ಒಡೆಯ ಕೇಳಿದ.

"ಒಂದು. ಅದೂ ಕಾಯುತ್ತಿಲ್ಲ ಒಡೆಯಾ, ಕೋಳಿ ಸಾಕುತ್ತಿದೆ."

ಸಭೆ ಗೊಳ್ಳೆಂದು ನಕ್ಕಿತು. ಅಳತೆಗಾರ ನಾಚಿದ, ಆದರೆ ಜಾಗ ಬಿಟ್ಟು ಕದಲಲಿಲ್ಲ. "ಸಂದಿನಲ್ಲಿ ದಾಟಿದ್ದನ್ನೆಲ್ಲ ಎಣಿಸಿದೆ. ದಾಟಲಾರದು ಎಂದು ಮನೆಯಲ್ಲೇ ಹಿಸುಕಿದ್ದನ್ನು ಎಣಿಸಲಿಲ್ಲ. ಅದಕ್ಕೆ ನನ್ನ ಹತ್ತಿರ ಬೀಜ ಇರಲಿಲ್ಲ," ಎಂದ.

ಒಡೆಯನ ಹಗೇವಿನಲ್ಲೂ ರಾಗಿ ಮುಗ್ಗುತ್ತಿತ್ತು. ಅವನು ಕಲ್ಲುಕುಟಿಗರನ್ನು ಕಳಿಸಿದ. ಒಂದು ವರ್ಷ ಉಳಿದ ಊರುಗಳು ಗೊಣಗಿದವು. ಬಂಡೆ ಒಡೆಯಿತು, ಎರಡು ಗಾಡಿ ಜೋಡಿಯಾಗಿ ಹೋಗುವಷ್ಟು ದಾರಿಯಾಯಿತು.

"ಆಮೇಲೆ ಗುಡಾಣ ಬಂದವಾ ಬುದ್ಧಿ?" ಮರುಳಸಿದ್ಧನಿಗೆ ತಡೆಯಲಾಗಲಿಲ್ಲ.

"ಎಲ್ಲಿ ಬರ್ತವೆ? ಆ ದಾರೀಲಿ ಮೇಕೆ ಓಡಾಡಿದ್ವು," ಎಂದರು ಗುರುಗಳು.

ಮೊದಲ ಸುಗ್ಗಿಗೆ ಅದೇ ಸಣ್ಣ ಮಡಕೆಗಳೇ ಇಳಿದು ಬಂದವು. ಜನ ಬೆರಳು ತೋರಿಸಿ ಆಡಿಕೊಂಡರು. ಅಳತೆಗಾರನಿಗೆ ಊಟ ಸೇರದಾಯಿತು. ಕೊನೆಗೆ ತಾನೇ ಕುಂಬಾರರ ಊರಿಗೆ ಹತ್ತಿ ಹೋದ. ಹೋಗಿ ನೋಡಿದರೆ ಪ್ರತಿ ಮನೆಯಲ್ಲೂ ಬಳೆ ಇನ್ನೂ ನೇತಾಡುತ್ತಿತ್ತು. ಬಂಡೆ ಹೋಗಿತ್ತು, ಬಳೆ ಹೋಗಿರಲಿಲ್ಲ. ಬಯಲಿನಲ್ಲಿ ರಾಗಿ ಮುಗ್ಗುವುದನ್ನು ಅವನು ಕುಂಬಾರಿತಿಗೆ ಹೇಳಿದ. ಹೆಂಡತಿ ತಿಪ್ಪೆಗೆ ಸುರಿದದ್ದನ್ನೂ ಹೇಳಿದ. ಅವಳು ಎದ್ದು ತನ್ನ ಬಳೆಯನ್ನು ಬಿಚ್ಚಿ ನೆಲಕ್ಕೆ ಹಾಕಿದಳು. ಕೋಳಿಗಳನ್ನು ಓಡಿಸಿ, ಗುಡಾಣ ತೊಳೆದು, ಉರುಳದ ಹಾಗೆ ಅದರ ಬುಡವನ್ನು ಆ ಬಳೆಯ ಮೇಲೆ ಕೂರಿಸಿದಳು.

"ಇಷ್ಟು ದಿನ ಮಡಕೆಗಳು ಇದಕ್ಕೆ ಹೆದರ್ತಿದ್ವು. ಇನ್ನು ಇದು ಮಡಕೆ ಕೆಳಗೆ ಬಿದ್ದಿರ್ಲಿ," ಎಂದಳು.

ಮಾರನೆಯ ವರ್ಷ ಹನ್ನೆರಡು ಗಾಡಿ ಗುಡಾಣ ಬಯಲಿಗೆ ಇಳಿದವು. ಅದರ ಮುಂದಿನ ವರ್ಷ ಎಣಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಸೀಮೆಯಲ್ಲಿ ಮುಗ್ಗುತ್ತಿದ್ದ ರಾಗಿ ಮಕ್ಕಳ ಹೊಟ್ಟೆ ಸೇರಿತು. ಹೆಂಚು ಇಳಿಯಿತು, ಬಾವಿಗೆ ಇಳಿಬಿಡುವ ಮಣ್ಣಿನ ಉಂಗುರಗಳು ಇಳಿದವು. ಅಳತೆಗಾರ ಕೇಳಿದ ತಿಂಗಳಿನಲ್ಲಿ ಇವುಗಳ ಹೆಸರನ್ನೂ ಯಾರೂ ಎತ್ತಿರಲಿಲ್ಲ. ಗಾಡಿ ಹೋದ ದಾರಿಯಲ್ಲೇ ವೈದ್ಯನೂ ಹತ್ತಿ ಬಂದ. ಹೆರಿಗೆ ಕಷ್ಟವಾದ ಒಬ್ಬ ಹೆಣ್ಣುಮಗಳು ಅದೇ ದಾರಿಯಲ್ಲಿ ಬಯಲಿಗೆ ಹೋಗಿ ಮಗುವನ್ನು ಎತ್ತಿಕೊಂಡು ವಾಪಸು ಬಂದಳು. ಅವಳು ಆ ಕುಂಬಾರಿತಿಯೇ. ಮಗಳಿಗೆ ಅಳತೆಗಾರನ ಹೆಂಡತಿಯ ಹೆಸರಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಮನಸಾರೆ ನಕ್ಕ, ಕಣ್ಣು ಒದ್ದೆಯಾದದ್ದನ್ನು ತೋಳಿನಲ್ಲಿ ಒರೆಸಿಕೊಂಡ. ಕೈಯೆಲ್ಲ ಹುಣಸೆಹಣ್ಣು ಮೆತ್ತಿತ್ತು. ಬೀಜಗಳನ್ನು ಒಟ್ಟುಮಾಡುತ್ತ ಹೇಳಿದ:

"ಕತೆ ನಿಜ ಬುದ್ಧಿ. ಆದ್ರೆ ನಾನು ಹನ್ನೊಂದು ಊರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬಂದಿದ್ದೀನಿ. ಕೋಳಿ ಕೂತ ಗುಡಾಣ ನನಗೆ ಎಲ್ಲೂ ಕಾಣಲಿಲ್ಲ."

ಗುರುಗಳು ಅವನ ಬೆನ್ನು ಸವರಿದರು.

"ಆ ನರ್ಸಮ್ಮನ ಮಾವಿನಮಿಡಿ ಜಾಡಿ ಯಾವುದರ ಮೇಲಿತ್ತು ಅಂದೆ, ಮಗಾ?"

"ಈಗಿರೋ ನಿಧಾನದ ಇಂಟರ್ನೆಟ್ಟಲ್ಲಿ ಆ ಯಂತ್ರ ನಡೆಯಲ್ಲ ಬುದ್ಧಿ," ಎನ್ನುತ್ತ ಮರುಳಸಿದ್ಧ ವರದಿ ತಿದ್ದಲು ಎದ್ದ.