ಬರ್ತೀನವ್ವನ ಬಯಲು

ನಮ್ಮೂರು ಕರಿಮಟ್ಟಿಯ ಪಡುವಣಕ್ಕೆ, ಎರೆಹೊಲಗಳ ನಡುವೆ, ಹಗ್ಗ ಎಳೆದಷ್ಟು ನೇರವಾದ ಡಾಂಬರು ಹಾದಿಯೊಂದಿದೆ. ವಿಮಾನ ಇಳಿಯುತ್ತಿದ್ದ ಆ ಹಾದಿಯ ಮೇಲೆ ಈಗ ಕಂಪನಿಯೊಂದು ಹೊಸ ಕಾರು, ಲಾರಿಗಳನ್ನು ಓಡಿಸಿ, ಗಕ್ಕನೆ ನಿಲ್ಲಿಸಿ ಪರೀಕ್ಷೆ ಮಾಡುತ್ತದೆ. ದಾರಿಯ ಫಲಕದಲ್ಲಿ 'ಭಾರತಿ ಬಯಲು' ಎಂದು ಬರೆದಿದ್ದಾರೆ. ಯಾವ ಭಾರತಿ? ನಮ್ಮೂರಿನಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅದು ಬರ್ತೀನವ್ವನ ಬಯಲು. ಇನ್ನೊಮ್ಮೆ ಹೇಳುತ್ತೇನೆ, ಕಿವಿಗೊಟ್ಟು ಕೇಳಿರಿ.

ಹಿಂದೆ ಒಮ್ಮೆ, ಮಹಾಯುದ್ಧದ ಕಾಲದಲ್ಲಿ, ವಿಮಾನ ಇಳಿಸುವುದಕ್ಕೆಂದು ಸರ್ಕಾರ ಇಲ್ಲಿಯ ಹೊಲಗಳನ್ನು ತೆಗೆದುಕೊಂಡಿತು. ನೀಲಗಂಗವ್ವನ ಹೊಲವೂ ಹೋಯಿತು. ಅದರ ಬದುವಿನಲ್ಲಿ ಅವಳ ಹೆಣ್ಣುಕೂಸನ್ನು ಮಣ್ಣು ಮಾಡಿದ್ದರು. ಬಿಟ್ಟು ಹೊರಡುವ ದಿನ ಅವಳು ಆ ಮಣ್ಣಿನ ಮೇಲೆ ಕೈಯಿಟ್ಟು "ಬರ್ತೀನವ್ವಾ" ಎಂದಳು. ನಮ್ಮವರು ಹೊರಡುವಾಗ 'ಹೋಗ್ತೀನಿ' ಎನ್ನುವುದುಂಟೇ? ಬಾಯಿತಪ್ಪಿ ಅಂದರೂ ಹಿರಿಯರು 'ಬಿಡ್ತು ಅನ್ನು' ಎಂದು ಗದರುತ್ತಾರೆ. ಆದರೆ ಪಕ್ಕದಲ್ಲಿದ್ದ ದುಭಾಷಿ ಅರೆಬರೆ ಕನ್ನಡ ಕಲಿತ ಪರಸ್ಥಳದವನು. ಈಕೆ ಮರಳಿ ಬರುತ್ತಾಳಂತೆ ಎಂದು, ಹೊಲ ಬಿಡಿಸಲು ಬಂದಿದ್ದ ಬಿಳಿಯ ಸಾಹೇಬನಿಗೆ ಹೇಳಿಬಿಟ್ಟ. ಯಾವಾಗ ಬರುತ್ತಾಳೆ ಕೇಳು ಎಂದ ಸಾಹೇಬ. ನೀಲಗಂಗವ್ವ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಗಟ್ಟಿಯಾಗಿ "ಎಳ್ಳಮಾವಾಸಿಗ್ರೀ, ಚರಗ ಚೆಲ್ಲಾಕ" ಎಂದಳು. ಸಾಹೇಬ ಒಪ್ಪಿದ. ಅಂದಿನಿಂದ ವರ್ಷವರ್ಷವೂ ಆ ಅಮಾವಾಸ್ಯೆಗೆ ಅವಳು ಕಡುಬು, ಪುಂಡಿಪಲ್ಯದ ಬುಟ್ಟಿ ಹೊತ್ತು ಬರುವಳು. ಅದನ್ನೇ ಚರಗವೆಂದು ಭೂಮಿಗೂ ಕೂಸಿಗೂ ಎಡೆ ಚೆಲ್ಲುವಳು. ಅಷ್ಟು ಹೊತ್ತು ಒಂದು ವಿಮಾನವೂ ಮೇಲೇಳುತ್ತಿರಲಿಲ್ಲ ಎನ್ನುತ್ತಾರೆ. ಬಯಲಿಗೆ ಹೆಸರು ಬಿದ್ದದ್ದು ಆಗ.

ಯುದ್ಧ ಮುಗಿಯಿತು, ವಿಮಾನಗಳು ಹೋದವು. ಹೊಲ ಮರಳಿ ಸಿಗಲಿಲ್ಲ. ಆದರೆ ತಡೆಯುವವರೂ ಇರಲಿಲ್ಲವಾಗಿ, ಮುದುಕಿಯಾಗುವವರೆಗೂ ಅವಳು ಬರುತ್ತಲೇ ಇದ್ದಳು. ಆಮೇಲೆ ಬಂತಲ್ಲ ಈ ಕಂಪನಿ! ಸುತ್ತ ತಂತಿಬೇಲಿ, ಅದಕ್ಕೊಂದು ಗೇಟು, ಗೇಟಿಗೊಬ್ಬ ಅಧಿಕಾರಿ. ಪರಕೀಯನಲ್ಲ ಸ್ವಾಮಿ, ನಮ್ಮ ಸೀಮೆಯವನೇ. ಬುಟ್ಟಿ ಹೊತ್ತು ನಿಂತ ಮುದುಕಿ "ಬರ್ತೀನಿ ಅಂತ ಮಾತು ಕೊಟ್ಟೀನೋ ಯಪ್ಪಾ, ಸಾಹೇಬ ಒಪ್ಪ್ಯಾನ" ಎಂದಳು. ಅವನು ನಕ್ಕ. "ಬರ್ತೀನಿ ಅಂದ್ರ ಹೋಗ್ತೀನಿ ಅಂತನ ಅಲ್ಲೇನಬೇ ಅರ್ಥ? ನಡಿ, ಒಳಗ ಗಾಡಿ ಓಡತಾವ" ಎಂದನಂತೆ. ಇವನ ಜಾಣತನಕ್ಕೆ ಬೆಂಕಿ ಬೀಳಲಿ! ಭಾಷೆ ಬಾರದವನು ತಪ್ಪು ತಿಳಿದು ದಾರಿ ಬಿಟ್ಟ. ಭಾಷೆ ಬಲ್ಲವನು ಸರಿಯಾಗಿಯೇ ತಿಳಿದು ಗೇಟು ಹಾಕಿದ. ಹೊತ್ತು ಮುಳುಗುವವರೆಗೆ ಕಾದು, ಗೇಟಿನ ಬುಡಕ್ಕೇ ಚರಗ ಚೆಲ್ಲಿ ಅವಳು ಮನೆಗೆ ನಡೆದಳು. ಮರುವರ್ಷದ ಅಮಾವಾಸ್ಯೆಗೆ ಅವಳಿರಲಿಲ್ಲ. ಕೂಸಿನ ಮಗ್ಗುಲಲ್ಲೇ ಮಣ್ಣು ಮಾಡಿರೆಂದು ಕೇಳಿಕೊಂಡಿದ್ದಳು. ಹೆಣ ಹೊತ್ತು ಬಂದವರಿಗೂ ಗೇಟು ತೆರೆಯಲಿಲ್ಲ. ಊರವರು ಬೈದಾಡಿ, ಸೋತು, ಬೇಲಿಗೆ ತಾಗಿದಂತೆ ಹೊರಗೆ ಹೂಳಿ ಬಂದರು.

ಈಗ ಹೋದವರಿಗೆ ಗೇಟಿನ ಎಡಕ್ಕೆ, ಅವಳನ್ನು ಹೂಳಿದಲ್ಲಿ, ಕುಂಕುಮ ಮೆತ್ತಿದ ಸಣ್ಣ ಗದ್ದುಗೆಯೊಂದು ಕಾಣುತ್ತದೆ. ಗಾಡಿ ಪರೀಕ್ಷೆ ಮಾಡುವ ಡ್ರೈವರುಗಳು ಅಲ್ಲಿ ನಿಂಬೆಹಣ್ಣು ಇಟ್ಟು ಕೈಮುಗಿಯುತ್ತಾರೆ. ಬ್ರೇಕು ಕಾಯುವ ದೇವಿಯಂತೆ! ಎಂಥ ಬ್ರೇಕು, ಎಲ್ಲಿಯ ದೇವಿ? ಯಾರಿಗೆ ಹೇಳೋಣ? ಅವರು ಕೈಮುಗಿದೇಳುವಷ್ಟರಲ್ಲಿ ಗೇಟು ತೆರೆದಿರುತ್ತದೆ, ಗಾಡಿ ಒಳಗೆ ಹೋಗುತ್ತದೆ. ಮಗಳಿರುವುದು ಅಲ್ಲಿ ಒಳಗೆ, ಡಾಂಬರಿನ ಕೆಳಗೆ. ತಾಯಿ ಇನ್ನೂ ಹೊರಗಿದ್ದಾಳೆ.