ಹಳದಿ ತೋಟಾ

ಹೊಳೆಯ ಈಚೆ ದಡದಲ್ಲಿ ಪೂವಯ್ಯಜ್ಜ ಅಂತ ಒಬ್ಬರಿದ್ದರು. ಕೋವಿ ರಿಪೇರಿ ಮಾಡೋರು, ಕೋವಿ ಹಿಡಿಯೋದನ್ನೂ ಕಲಿಸೋರು. ಊರವರು ತಮಾಷೆಗೆ ಅವರ ಗುಡಿಸಲನ್ನು ಆಶ್ರಮ ಅನ್ನುತ್ತಿದ್ದರು.

ಆಶ್ರಮಕ್ಕೆ ಬಂದವರೆಲ್ಲ ಓಡಿಹೋಗಿದ್ದರು. ಯಾಕೆಂದರೆ ಅಜ್ಜನ ಪಾಠ ಒಂದೇ. ಕೋವಿ ಬಿಚ್ಚು, ಹಿಂದಿನಿಂದ ನಳಿಗೆಗೆ ಕಣ್ಣಿಟ್ಟು ಆಕಾಶ ನೋಡು. ಮದ್ದುಗುಂಡು ತುಂಬಿದ ತೋಟಾ ಹಾಕುವ ಮುಂಚೆ ನೋಡು. ನೋಡಿದ್ದರೂ ಇನ್ನೊಂದು ಸಲ ನೋಡು.

ಉಳಿದಿದ್ದವನು ಒಬ್ಬ, ಮೊಣ್ಣಪ್ಪ. ಮೂವತ್ತೈದು ದಾಟಿದ ಗಂಡಸು. ಮನಸ್ಸು ಚಿನ್ನ. ಆದರೆ ಬಾಯಿ ತೆರೆದರೆ ಒಂದೇ ಮಾತು, "ನಡೆಯುತ್ತೆ ಬಿಡಿ ಅಜ್ಜ."

ಕೋವಿಗೆ ಹಾಕುವ ಎಣ್ಣೆ ಮುಗಿದರೆ ತಲೆಗೆ ಹಚ್ಚುವ ಎಣ್ಣೆ. ನಡೆಯುತ್ತೆ ಬಿಡಿ ಅಜ್ಜ. ತಿರುಪು ಕಳೆದರೆ ಬಾಗಿಲಿನ ತಿರುಪು. ನಡೆಯುತ್ತೆ ಬಿಡಿ ಅಜ್ಜ. ಒಂದು ಸಲ ಅಜ್ಜನ ಒಂದು ಚಪ್ಪಲಿ, ತನ್ನದೊಂದು ಚಪ್ಪಲಿ ಮೆಟ್ಟಿಕೊಂಡು ಸಂತೆಗೂ ಹೋಗಿಬಂದಿದ್ದ ಪುಣ್ಯಾತ್ಮ. ಅಜ್ಜನಿಗೆ ಸಾಕುಸಾಕಾಗಿತ್ತು.

ಒಂದು ಬೆಳಗ್ಗೆ ಆಚೆ ದಡದಿಂದ ಕೂಗು ಬಂತು. ಮೊಣ್ಣಪ್ಪನ ಹೆಂಡತಿ ಬೊಳ್ಳಮ್ಮ ಹೆತ್ತಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ, ಹೆಣ್ಣುಮಗು.

ಆ ಸೀಮೆಯಲ್ಲಿ ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಸದ್ದು ಎಣಿಸಿಯೇ ಊರಿಗೆ ಸುದ್ದಿ ಗೊತ್ತಾಗೋದು. ಹಿಂದೆಲ್ಲ ಗಂಡು ಹುಟ್ಟಿದರೆ ಮಾತ್ರ ಹಾರಿಸುತ್ತಿದ್ದರು. ಬೊಳ್ಳಮ್ಮ ಮೊದಲೇ ಹೇಳಿಟ್ಟಿದ್ದಳು, "ಹೆಣ್ಣಾದರೂ ನನಗೆ ಗುಂಡಿನ ಸದ್ದು ಕೇಳಬೇಕು. ಕೇಳದಿದ್ದರೆ ನೀವು ಮನೆಗೇ ಬರಬೇಡಿ."

ಅಜ್ಜ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದರು. ಅಂಗಳದಲ್ಲಿ "ಟಕ್" ಅಂತ ಒಂದು ಒಣ ಸದ್ದಾಯಿತು. ಗಡ್ಡದಿಂದ ನೀರು ಸುರಿಸಿಕೊಂಡೇ ಓಡಿಬಂದರು.

ಮೊಣ್ಣಪ್ಪ ಒಂಟಿ ನಳಿಗೆಯ ಕೋವಿ ಬಿಚ್ಚಿ ನಿಂತಿದ್ದ.

"ಏನು ಹಾಕಿದೆ ಅದಕ್ಕೆ?"

"ಡಬ್ಬಿಯಲ್ಲಿ ನಮ್ಮ ಕೆಂಪು ತೋಟಾ ಇರಲಿಲ್ಲ ಅಜ್ಜ. ಪಕ್ಕದ ಮನೆಯಲ್ಲಿ ಹಳದಿ ಇತ್ತು, ಒಂದು ಇಸ್ಕೊಂಡು ಬಂದೆ."

"ಹಳದಿಯದು ಸಣ್ಣ ನಳಿಗೆಯ ಕೋವಿಗೆ ಕಣೋ!"

"ದೊಡ್ಡದಾಗಿದ್ದರೆ ಒಳಗೇ ಹೋಗ್ತಿರಲಿಲ್ಲ. ಇದು ಸಲೀಸಾಗಿ ಹೋಯ್ತಲ್ಲ. ಒಳಗಿನ ಮದ್ದು ಅದೇ, ಚರೆಗುಂಡು ಅದೇ. ನಡೆಯುತ್ತೆ ಅಂತ..."

"ನಡೆಯಿತಾ?"

"ಇಲ್ಲ. ಸದ್ದೇ ಬರಲಿಲ್ಲ."

"ಸದ್ದು ಬರದಿದ್ದರೆ ಕೋವೀನ ಹಾಗೇ ಮೇಲಕ್ಕೆ ಹಿಡಿದು ಕಾಯಬೇಕು ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ! ಆಗಲೇ ಬಿಚ್ಚಿದ್ದೀಯಲ್ಲೋ!"

"ಬಿಚ್ಚಿದ್ದೇ ಒಳ್ಳೇದಾಯ್ತು ಅಜ್ಜ. ತೋಟಾ ಇಲ್ಲಿಲ್ಲ. ಎಲ್ಲೋ ಕೆಳಗೆ ಬಿದ್ದಿದೆ."

ಅವನು ಕಾಲಿನಿಂದ ಹುಲ್ಲು ಕೆದಕಿದ. ಆಮೇಲೆ ಅಂಗಿಯ ಜೇಬು ತಡವಿದ. ಒಂದು ಕೆಂಪು ತೋಟಾ ಕೈಗೆ ಬಂತು.

"ಅಯ್ಯೋ, ಇದು ನನ್ನ ಜೇಬಲ್ಲೇ ಇತ್ತು ನೋಡಿ!"

ಅಷ್ಟರಲ್ಲಿ ಆಚೆ ದಡದಿಂದ ಅವನ ಅತ್ತೆಯ ದನಿ. "ಮೊಣ್ಣಪ್ಪಾ! ಬೊಳ್ಳಮ್ಮ ಕೇಳ್ತಿದ್ದಾಳೆ! ಹಾರಿಸ್ತೀಯೋ ಇಲ್ಲವೋ?"

ಮೊಣ್ಣಪ್ಪ ಕೆಂಪು ತೋಟಾ ಹಾಕಲು ಹೋದ. ಅಜ್ಜ ತಮ್ಮ ಹೆಬ್ಬೆರಳನ್ನು ನಳಿಗೆಯ ಹಿಂಬಾಯಿಗೆ ತುರುಕಿಬಿಟ್ಟರು.

"ಅಜ್ಜ, ಬೆರಳು ತೆಗೀರಿ."

"ತೆಗೆಯಲ್ಲ."

"ಹೆಂಡತಿ ಕಾಯ್ತಿದ್ದಾಳೆ ಅಜ್ಜ!"

"ಒಂಬತ್ತು ವರ್ಷ ಕಾದವಳು. ಇನ್ನೊಂದು ಗಳಿಗೆ ಕಾಯ್ತಾಳೆ."

"ನಾನೀಗ ಏನು ಮಾಡಬೇಕು, ಹೇಳಿ."

"ಮೂರು ವರ್ಷದಿಂದ ಹೇಳಿದ್ದನ್ನೇ."

"ಆಕಾಶ ಎಲ್ಲಿಗೆ ಓಡಿಹೋಗುತ್ತೆ? ನಾಳೆ ನೋಡ್ತೀನಿ ಬಿಡಿ."

ಬೆರಳು ಅಲ್ಲಾಡಲಿಲ್ಲ.

"ಆಯ್ತು ಮಾರಾಯ್ರೆ, ಆಯ್ತು!" ಮೊಣ್ಣಪ್ಪ ಗೊಣಗಿಕೊಂಡು ಕೋವಿ ಎತ್ತಿದ. ಅಜ್ಜ ಬೆರಳು ತೆಗೆದರು. ಅವನು ಕಣ್ಣಿಟ್ಟ.

"ಏನು ಕಾಣುತ್ತೆ?"

"ಏನೂ ಕಾಣ್ತಿಲ್ಲ."

"ಕಣ್ಣು ಒರೆಸಿಕೊಂಡು ನೋಡು."

ಒರೆಸಿಕೊಂಡ. ನೋಡಿದ. ಅವನ ದನಿ ಸಣ್ಣದಾಯಿತು.

"ಕತ್ತಲೆ, ಅಜ್ಜ."

ಅಜ್ಜ ನಳಿಗೆ ಒರೆಸುವ ಸರಳು ತಂದರು. ನಳಿಗೆಯ ಮುಂಬಾಯಿಯಿಂದ ಮೆಲ್ಲಗೆ ತೂರಿಸಿ, ಮೆಲ್ಲಗೆ ಒತ್ತಿದರು. ಒಳಗೆ ಜಾರಿ ಸಿಕ್ಕಿಕೊಂಡಿದ್ದ ಹಳದಿ ತೋಟಾ ಹಿಂದಕ್ಕೆ ಬಂದು ಮೊಣ್ಣಪ್ಪನ ಅಂಗೈಗೆ ಬಿತ್ತು. ಹೊಸದರ ಹಾಗೆ, ಒಂದು ಗೀರೂ ಇಲ್ಲದೆ.

"ಇದರ ಹಿಂದೆ ಕೆಂಪು ಹಾಕಿ ಹೊಡೆದಿದ್ದರೆ, ಅಜ್ಜ?"

"ನಳಿಗೆ ಹಲಸಿನ ಹಣ್ಣಿನ ಹಾಗೆ ಬಿರಿಯುತ್ತಿತ್ತು. ನಿನ್ನ ಕೆನ್ನೆಯ ಪಕ್ಕದಲ್ಲೇ."

ಮೊಣ್ಣಪ್ಪ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತ. ಆಚೆ ದಡದಲ್ಲಿ ಅತ್ತೆ ಮತ್ತೆ ಕೂಗಿದಳು.

"ಅಜ್ಜ, ನೀವೇ ಹಾರಿಸಿ. ನನ್ನ ಕೈ ನಡುಗ್ತಿದೆ."

"ನಡುಗಲಿ. ಅದಕ್ಕೆ ಬುದ್ಧಿ ಬಂದಿರೋದೇ ಇವತ್ತು. ಎದ್ದೇಳು, ನಿನ್ನ ಮಗಳು."

ಮೊಣ್ಣಪ್ಪ ಎದ್ದ. ಹಳದಿ ತೋಟಾವನ್ನು ಅಜ್ಜನ ಕೈಗೆ ಕೊಟ್ಟ. ಯಾರೂ ಹೇಳದೆ ಕೋವಿಗೆ ಕಣ್ಣಿಟ್ಟ. ಬಹಳ ಹೊತ್ತು ನೋಡಿದ. ಇನ್ನೊಂದು ಸಲ ನೋಡಿದ.

"ಕಂಡಿತಾ?"

"ಕಂಡಿತು ಅಜ್ಜ. ದುಂಡಗೆ, ಬೆಳ್ಳಗೆ."

ಕೆಂಪು ತೋಟಾ ಹಾಕಿ, ಕೋವಿ ಮುಚ್ಚಿ, ಮೇಲಕ್ಕೆ ಹಿಡಿದ. ಅಪ್ಪಣೆ ಕೇಳುವವನ ಹಾಗೆ ಅಜ್ಜನ ಕಡೆ ತಿರುಗಿದ.

ಅಜ್ಜ ಗಡ್ಡ ಒರೆಸಿಕೊಂಡರು.

"ಹಾರಿಸು. ಒಂದೇ, ತಿಳೀತಾ? ಆಗ ನೀನು ತುಂಬೋಕೆ ಹೊರಟಿದ್ದು ಎರಡು."