ಯಜಮಾನರ ಸಂದರ್ಶನ

ಮೈಸೂರಿನ ಚಂದ್ರಕಾಂತಯ್ಯನವರದು ಎಲ್‌ಇಡಿ ದೀಪ ಮಾಡುವ ಸಣ್ಣ ಕಾರ್ಖಾನೆ. ಹೊಸ ದೀಪವನ್ನು ಮರುದಿನವೇ ಹೊರಗಿನ ಲ್ಯಾಬಿಗೆ ಪರೀಕ್ಷೆಗೆ ಕಳಿಸಬೇಕೆಂದು ಹಟ ಹಿಡಿದರು. ಅಲ್ಲಿ ಫೇಲಾದರೆ ದೊಡ್ಡ ಆರ್ಡರೇ ಕೈತಪ್ಪುತ್ತಿತ್ತು.

"ಸಾರ್, ಇದನ್ನ ಮನೇಲಿ ಹಚ್ಚಿದ್ರೆ ನಮ್ಮ ಮಾವನ ರೇಡಿಯೊ ಗೊರಗೊರ ಅನ್ನುತ್ತೆ. ಲ್ಯಾಬಿನವರು ಅದನ್ನೇ ಹಿಡೀತಾರೆ. ಮೊದಲು ಇಲ್ಲೇ ಸರಿಮಾಡೋಣ," ಎಂದಳು ಪ್ಯಾಕಿಂಗ್ ಮಾಡುವ ನಾಗವೇಣಿ.

"ಈ ಕಾಲದಲ್ಲಿ ರೇಡಿಯೊ ಯಾರಮ್ಮ ಕೇಳ್ತಾರೆ? ಸುಮ್ನೆ ಪ್ಯಾಕ್ ಮಾಡು!"

ಅಂದು ಸಂಜೆ ರೇಡಿಯೊದಲ್ಲಿ ಯಜಮಾನರ ಸಂದರ್ಶನ ಪ್ರಸಾರವಾಗುವುದಿತ್ತು. ನಾಗವೇಣಿ ಮಾವನ ರೇಡಿಯೊ ತಂದು ಅವರ ಮೇಜಿನ ಮೇಲಿಟ್ಟಳು. ಯಜಮಾನರು ಖುಷಿಯಿಂದ ಎಲ್ಲರನ್ನೂ ಕರೆದು ಕೂರಿಸಿದರು. ಅವರ ದನಿ ಶುರುವಾಗುತ್ತಲೇ ನಾಗವೇಣಿ, "ಕತ್ತಲಾಯ್ತು," ಎಂದು ಪಕ್ಕದಲ್ಲೇ ಹೊಸ ದೀಪ ಹಚ್ಚಿದಳು. ರೇಡಿಯೊ ಗೊರ್ರ್ ಎಂದಿತು. ಒಂದು ಮಾತೂ ಕೇಳಿಸಲಿಲ್ಲ.

"ಅಯ್ಯೋ, ಆರಿಸಮ್ಮ ಅದನ್ನ!"

"ಯಾವುದನ್ನ ಸಾರ್? ರೇಡಿಯೊನಾ, ನಮ್ಮ ದೀಪಾನಾ?"

ಯಜಮಾನರು ದೀಪವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಎಷ್ಟು ತಡೆದರೂ ನಗು ಬಂದೇಬಿಟ್ಟಿತು.

"ದೀಪಾನೇ ಕಣಮ್ಮ. ಪಾರ್ಸೆಲ್ ನಿಲ್ಲಿಸು. ಇದರ ಬಾಯಿ ಮುಚ್ಚಿಸಿದ ಮೇಲೇ ಲ್ಯಾಬಿಗೆ ಕಳಿಸೋಣ. ಈಗ ಒಂಚೂರು ನನಗೆ ಮಾತಾಡೋಕೆ ಬಿಡು!"